ಹ್ಯಾಮರ್ ಇಳಿದು ವೇಗ ಏರಿದರೆ: ಮಲೆನಾಡಿನ ಕಟ್ಟಡಗಳಲ್ಲಿ ಒಡೆಯದೆ ದೋಷ ಹುಡುಕುವ ಕೈಪಿಡಿ

ಶಿವಮೊಗ್ಗ ಪೇಟೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ಸಾವಿರ ಮಿ.ಮೀ. ಅಲ್ಲಿಂದ ನೂರು ಕಿ.ಮೀ. ಒಳಗೇ ಇರುವ ಆಗುಂಬೆಯಲ್ಲಿ ಅದು ಏಳು ಸಾವಿರ ದಾಟುತ್ತದೆ. ಒಬ್ಬನೇ ಮೇಸ್ತ್ರಿ, ಒಂದೇ ಸಿಮೆಂಟು, ಒಂದೇ ಅಳತೆಯ ಜಲ್ಲಿ ಹಾಕಿ ಎರಡೂ ಕಡೆ ಹಾಕಿದ ತಾರಸಿಗಳು ಹದಿನೈದು ವರ್ಷ ಕಳೆಯುವಷ್ಟರಲ್ಲಿ ಬೇರೆ ಬೇರೆ ಕಾಯಿಲೆ ಬೀಳುತ್ತವೆ. ಕಾಯಿಲೆ ಅಳೆಯುವ ಉಪಕರಣಗಳೂ ಎರಡು ಕಡೆ ಎರಡು ಮಾತು ಆಡುತ್ತವೆ. ನೆನೆದ ಕಾಂಕ್ರೀಟ್ ರಿಬೌಂಡ್ ಹ್ಯಾಮರಿನ (ಹೊಡೆದಾಗ ಎಷ್ಟು ಪುಟಿಯುತ್ತದೆಂದು ನೋಡಿ ಗಟ್ಟಿತನ ಹೇಳುವ ಉಪಕರಣ) ಅಂಕಿಯನ್ನು ಕೆಳಗೆಳೆಯುತ್ತದೆ, ಅಲ್ಟ್ರಾಸೋನಿಕ್ ವೇಗವನ್ನು (ಕಾಂಕ್ರೀಟಿನೊಳಗೆ ಶಬ್ದದ ಅಲೆ ಓಡುವ ವೇಗ) ಮೇಲಕ್ಕೆ ತಳ್ಳುತ್ತದೆ, ಹಾಫ್‌ಸೆಲ್ ಮೀಟರಿನಲ್ಲಿ (ಕಂಬಿಯ ವಿದ್ಯುತ್ ವಿಭವ ಅಳೆದು ತುಕ್ಕನ್ನು ಅಂದಾಜಿಸುವುದು) ಇಲ್ಲದ ತುಕ್ಕನ್ನು ತೋರಿಸುತ್ತದೆ, ಬಿರುಕಿನ ಆಳವನ್ನು ಅರ್ಧಕ್ಕೂ ಕಡಿಮೆ ಮಾಡಿ ಹೇಳುತ್ತದೆ. ಹಾಗಾಗಿ ಘಟ್ಟದ ಮೇಲಿನ ಊರುಗಳಲ್ಲಿ ಒಂದೇ ಉಪಕರಣ ಹಿಡಿದು ಬಂದು ಒಂದೇ ದಿನದಲ್ಲಿ ಕೊಡುವ ವರದಿಯನ್ನು ನಂಬಿ ರಿಪೇರಿಗೆ ಕೈ ಹಾಕಬಾರದು. ಎರಡು ಉಪಕರಣಗಳ ಮಾತು ಎಲ್ಲಿ ಹೊಂದುವುದಿಲ್ಲವೋ ರೋಗದ ಸುಳಿವು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಯಾವಾಗ ಅಳೆಯಬೇಕು

ಸೋರಿಕೆಯ ದಾರಿ ಹುಡುಕುವುದಕ್ಕೆ ಮಳೆಗಾಲ ಬೇಕು, ಕಾಂಕ್ರೀಟಿನ ಗಟ್ಟಿತನ ಮತ್ತು ತುಕ್ಕು ಅಳೆಯುವುದಕ್ಕೆ ಒಣ ದಿನ ಬೇಕು. ಎರಡನ್ನೂ ಒಂದೇ ಭೇಟಿಯಲ್ಲಿ ಮುಗಿಸುವ ಆಸೆ ಬಿಡುವುದು ಒಳ್ಳೆಯದು. ಸೋರಿಕೆಗೆ ಜುಲೈ ಆಗಸ್ಟಿನಲ್ಲಿ ಒಂದು ಸುತ್ತು. ಉಳಿದದ್ದಕ್ಕೆ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಅವಧಿ. ತೊಂದರೆಯೆಂದರೆ ಅಡಿಕೆ ಕೊಯ್ಲೂ ಅದೇ ಹೊತ್ತಿಗೆ ಬರುತ್ತದೆ, ತಾರಸಿಯ ಮೇಲೆಲ್ಲ ಅಡಿಕೆ ಹರಡಿರುತ್ತದೆ. ಮೇಲಿನಿಂದ ಮಾಡುವ ಪರೀಕ್ಷೆಗೆ ಎರಡು ದಿನ ತಾರಸಿ ಖಾಲಿ ಬೇಕೆಂದು ಮನೆಯವರಿಗೆ ಮೊದಲೇ ತಿಳಿಸದಿದ್ದರೆ ಅರ್ಧ ಸ್ಲ್ಯಾಬನ್ನಷ್ಟೇ ನೋಡಿ ವಾಪಸಾಗಬೇಕಾಗುತ್ತದೆ.

ಅಳತೆ ತೆಗೆದ ದಿನಾಂಕ, ಹಿಂದಿನ ಮೂರು ದಿನ ಮಳೆ ಬಂದಿತ್ತೇ, ಮೇಲ್ಮೈ ಒಣಗಿತ್ತೇ ಅಥವಾ ಪಸೆಯಿತ್ತೇ ಎಂಬುದನ್ನು ಪ್ರತಿ ಅಂಕಿಯ ಪಕ್ಕ ಬರೆಯಿರಿ. ಇದಿಲ್ಲದ ಅಂಕಿಗಳನ್ನು ಮುಂದಿನ ವರ್ಷದ ಅಂಕಿಗಳ ಜೊತೆ ಹೋಲಿಸಲು ಬರುವುದಿಲ್ಲ.

ಉಪಕರಣ ತೆಗೆಯುವ ಮುಂಚೆ

ಒಂದು ಸುತ್ತಿಗೆ, ಟಾರ್ಚು, ಬಿರುಕಿನ ಅಗಲ ಅಳೆಯುವ ಪಾರದರ್ಶಕ ಪಟ್ಟಿ, ಸೀಮೆಸುಣ್ಣ. ಮೊದಲ ಎರಡು ಗಂಟೆಗೆ ಇಷ್ಟು ಸಾಕು. ಮನೆಯ ನಕ್ಷೆಯನ್ನು ಕಾಗದದ ಮೇಲೆ ಬಿಡಿಸಿಕೊಂಡು ಕಲೆ, ಬಿರುಕು, ಉಬ್ಬು, ಬಿಳಿ ಸುಣ್ಣದ ಗೀರು ಎಲ್ಲವನ್ನೂ ಗುರುತು ಹಾಕಿ. ಸ್ಲ್ಯಾಬಿನ ಅಡಿಯಲ್ಲಿ ಬಿರುಕಿನ ಗುಂಟ ಬಿಳಿ ಸುಣ್ಣ ಇಳಿದಿದ್ದರೆ ನೀರು ಕಾಂಕ್ರೀಟನ್ನು ದಾಟಿ ಬರುತ್ತಿದೆ ಎಂದರ್ಥ. ತೇವ ಒಳಗೇ ಹುಟ್ಟಿದ್ದಲ್ಲ. ಕಂಬಿಯ ಗುಂಟ ನೇರವಾಗಿ ಸಮಾನ ಅಂತರದಲ್ಲಿ ಓಡುವ ಕಂದು ಗೆರೆಗಳಿದ್ದರೆ ಕಂಬಿ ತುಕ್ಕು ಹಿಡಿದು ಉಬ್ಬುತ್ತಿದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ, ಆ ಒತ್ತಡಕ್ಕೆ ಕವರ್, ಅಂದರೆ ಕಂಬಿಯನ್ನು ಮುಚ್ಚಿದ ಕಾಂಕ್ರೀಟಿನ ಹೊರಪದರ, ಸೀಳುತ್ತದೆ. ಬಾಗಿಲು ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ, ಮೇಲೆ ಹೋದಂತೆ ಅಗಲವಾಗುವ ಬಿರುಕು ಕಂಡರೆ ಕಾಂಕ್ರೀಟನ್ನು ಬಿಟ್ಟು ಕೆಳಗಿನ ನೆಲ ನೋಡಿ. ಧರೆ ಕಡಿದು ಮಾಡಿದ ನಿವೇಶನದಲ್ಲಿ ಮನೆಯ ಅರ್ಧ ಕಡಿದ ಗಟ್ಟಿ ನೆಲದ ಮೇಲೆ, ಇನ್ನರ್ಧ ತುಂಬಿದ ಮಣ್ಣಿನ ಮೇಲೆ ಕೂತಿರುತ್ತದೆ. ಮಳೆಗಾಲದಲ್ಲಿ ತುಂಬಿದ ಭಾಗ ಇಳಿಯುತ್ತದೆ, ಬಿರುಕು ಆ ಎರಡು ಭಾಗ ಕೂಡುವಲ್ಲೇ ಏಳುತ್ತದೆ. ಅಂಥ ಬಿರುಕಿಗೆ ಎಷ್ಟು ದುಬಾರಿ ಸ್ಕ್ಯಾನರ್ ತಂದರೂ ಪ್ರಯೋಜನವಿಲ್ಲ. ಬಿರುಕಿನ ಎರಡೂ ಬದಿ ಹಿತ್ತಾಳೆಯ ಚಿಕ್ಕ ಗುಂಡಿ ಅಂಟಿಸಿ, ವರ್ನಿಯರ್ ಕ್ಯಾಲಿಪರಿನಲ್ಲಿ ಮಳೆಗೆ ಮುಂಚೆ, ಮಳೆಯ ನಡುವೆ, ಮಳೆ ನಿಂತ ಮೇಲೆ ಅಂತರ ಅಳೆದರೆ ಅದು ಬೆಳೆಯುತ್ತಿದೆಯೋ ನಿಂತಿದೆಯೋ ಗೊತ್ತಾಗುತ್ತದೆ.

ಸುತ್ತಿಗೆಯಿಂದ ತಟ್ಟುವುದನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಬೇಡಿ. 300 ಮಿ.ಮೀ. ಚೌಕಗಳಲ್ಲಿ ತಟ್ಟುತ್ತ ಹೋದರೆ ಗಟ್ಟಿ ಕಾಂಕ್ರೀಟ್ ಟಣ್ ಎನ್ನುತ್ತದೆ, ಪದರ ಬಿಟ್ಟದ್ದು ಡಬ್ ಎನ್ನುತ್ತದೆ. ತಾರಸಿಯ ಮೇಲೆ ದಪ್ಪ ಸರಪಳಿ ಎಳೆದರೂ ಇದೇ ವ್ಯತ್ಯಾಸ ಕೇಳುತ್ತದೆ, ಆದರೆ ಶೀಟಿನ ಮೇಲೆ ಮಳೆ ಹೊಡೆಯುವಾಗ ಕಿವಿಗೆ ಏನೂ ದಕ್ಕುವುದಿಲ್ಲ. ಡಬ್ ಎಂದ ಕಡೆ ಪ್ಲಾಸ್ಟರ್ ಮಾತ್ರ ಬಿಟ್ಟಿದೆಯೋ ಕಾಂಕ್ರೀಟೇ ಪದರವಾಗಿದೆಯೋ ಎಂಬುದು ಸದ್ದಿನಿಂದ ತಿಳಿಯದು. ಅಂಗೈ ಅಗಲ ಪ್ಲಾಸ್ಟರ್ ಕಿತ್ತು ಮತ್ತೆ ತಟ್ಟಿ. ಒಡೆಯದೆ ಮಾಡುವ ಪರೀಕ್ಷೆ ಎಂದು ಹೆಸರಿದ್ದರೂ ಪ್ಲಾಸ್ಟರ್ ಕೀಳದೆ ನಂಬಬಹುದಾದ ಅಂಕಿ ಹೆಚ್ಚಿನ ಪರೀಕ್ಷೆಗಳಲ್ಲಿ ಸಿಗುವುದಿಲ್ಲ. ಇದನ್ನು ಮನೆಯವರಿಗೆ ಮೊದಲ ದಿನವೇ ಹೇಳಿಬಿಡಿ.

ಸ್ಲ್ಯಾಬಿನ ಅಡಿ ತೇವ: ಸೋರಿಕೆಯೋ, ಬೆವರೋ, ನೆಲದಿಂದ ಏರಿದ್ದೋ

ಈ ಮೂರನ್ನು ಬೇರ್ಪಡಿಸದೆ ತಾರಸಿಗೆ ವಾಟರ್‌ಪ್ರೂಫಿಂಗ್ ಬಳಿಯುವುದು ದುಡ್ಡನ್ನು ನೀರಿಗೆ ಹಾಕಿದ ಹಾಗೆ. ಸುಮಾರು 450 ಮಿ.ಮೀ. ಚೌಕದ ಪಾಲಿಥಿನ್ ಹಾಳೆಯನ್ನು ಒದ್ದೆಯಿರುವ ಜಾಗದ ಮೇಲೆ ನಾಲ್ಕೂ ಅಂಚು ಗಾಳಿಯಾಡದಂತೆ ಟೇಪ್ ಹಾಕಿ 16 ಗಂಟೆ ಬಿಡಿ. ಹಾಳೆಯ ಒಳಬದಿಯಲ್ಲಿ, ಕಾಂಕ್ರೀಟಿಗೆ ತಾಗಿದ ಕಡೆ ಹನಿ ಕಟ್ಟಿದ್ದರೆ ತೇವ ಒಳಗಿನಿಂದ ಬರುತ್ತಿದೆ. ಹೊರಬದಿಯಲ್ಲಿ, ಕೋಣೆಯ ಕಡೆ ಹನಿ ಕಟ್ಟಿದ್ದರೆ ಅದು ಕೋಣೆಯ ಗಾಳಿಯ ಬೆವರು. ಜಡಿಮಳೆಯ ವಾರದಲ್ಲಿ ಕಿಟಕಿ ಮುಚ್ಚಿ, ಒಳಗೇ ಬಟ್ಟೆ ಒಣಗಿಸಿ, ಹಂಡೆ ಒಲೆ ಉರಿಸುವ ಮನೆಗಳಲ್ಲಿ ಎರಡನೆಯದೂ ಅಪರೂಪವಲ್ಲ. ಅದಕ್ಕೆ ಮದ್ದು ಗಾಳಿ ಹೋಗುವ ಕಿಂಡಿ. ಗೋಡೆಯ ಬುಡದಿಂದ ಮೇಲೇರಿ ಒಂದು ಎತ್ತರಕ್ಕೆ ನಿಲ್ಲುವ, ಮೇಲ್ತುದಿಯಲ್ಲಿ ಉಪ್ಪಿನ ಹುಡಿ ಕಟ್ಟುವ ತೇವ ನೆಲದ್ದು.

ಎರಡು ಪಿನ್ನಿನ ತೇವಮಾಪಕ ಮರಕ್ಕಾಗಿ ಮಾಡಿದ್ದು. ಪ್ಲಾಸ್ಟರಿನ ಮೇಲೆ ಅದರ ಶೇಕಡಾ ಅಂಕಿಗೆ ಅರ್ಥವಿಲ್ಲ. ಒಣಗಿದ ಜಾಗದ ಅಂಕಿಗೆ ಹೋಲಿಸಿ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದಷ್ಟೇ ಓದಿ. ಗೋಡೆಯಲ್ಲಿ ಉಪ್ಪಿದ್ದರೆ ಒಣಗಿದ್ದರೂ ಹೆಚ್ಚು ತೋರಿಸುತ್ತದೆ. ಅಡಿಗೆಮನೆ, ಬಚ್ಚಲುಮನೆಯ ಹೊಗೆಮಸಿಯೂ ವಿದ್ಯುತ್ ಹರಿಸುವುದರಿಂದ ಅಲ್ಲಿಯೂ ಅದೇ ಮೋಸ. ಮಸಿ ಉಜ್ಜಿ ತೆಗೆದ ಮೇಲೆ ಅಳೆಯಿರಿ.

ಉಷ್ಣಚಿತ್ರ ತೆಗೆಯುವ ಕ್ಯಾಮೆರಾ ಸೋರಿಕೆ ಹುಡುಕಲು ಒಳ್ಳೆಯದೇ, ಆದರೆ ಅದು ನೀರನ್ನು ನೋಡುವುದಿಲ್ಲ, ಮೇಲ್ಮೈಯ ತಾಪ ವ್ಯತ್ಯಾಸವನ್ನು ನೋಡುತ್ತದೆ. ನೀರು ಆರುತ್ತಿರುವ ಕಡೆ ತಂಪು, ಆದ್ದರಿಂದ ಕಪ್ಪು. ಮೂರು ದಿನ ಮೋಡ ಮುಸುಕಿ ಒಳಗೂ ಹೊರಗೂ ಒಂದೇ ತಾಪವಿದ್ದರೆ ಪರದೆಯಲ್ಲಿ ಬೂದು ಬಣ್ಣ ಬಿಟ್ಟು ಇನ್ನೇನೂ ಇರುವುದಿಲ್ಲ. ಮಳೆ ಬಿಟ್ಟು ಬಿಸಿಲು ಬಂದ ದಿನ, ಬಿಸಿಲು ಬಿದ್ದು ಎರಡು ಮೂರು ಗಂಟೆಯ ಮೇಲೆ ಅಥವಾ ಸಂಜೆ ಸೂರ್ಯ ಮುಳುಗಿದ ಮೇಲೆ ತೆಗೆಯಿರಿ. ತಾರಸಿಯ ಮೇಲಿನ ಜಿಂಕ್ ಶೀಟನ್ನು ಇದರಲ್ಲಿ ನೋಡಲು ಹೋಗಬೇಡಿ, ಲೋಹ ಆಕಾಶದ ತಾಪವನ್ನೇ ಪ್ರತಿಫಲಿಸುತ್ತದೆ. ಕಪ್ಪು ಕಂಡ ಕಡೆಯೆಲ್ಲ ಸೋರಿಕೆ ಎಂದು ಬರೆಯುವುದೂ ತಪ್ಪು. ಒಳಗೆ ಅಡಗಿದ ಬೀಮು, ದಪ್ಪ ಪ್ಲಾಸ್ಟರ್ ಕೂಡ ಹಾಗೆ ಕಾಣುತ್ತವೆ. ತೇವಮಾಪಕದಲ್ಲಿ ಖಾತ್ರಿ ಮಾಡಿಕೊಳ್ಳಿ.

ಇಷ್ಟಾದರೂ ನೀರಿನ ದಾರಿ ಸಿಗದಿದ್ದರೆ ತಾರಸಿಯನ್ನು ಸಣ್ಣ ಬದುಗಳಿಂದ ಮೂರ್ನಾಲ್ಕು ಭಾಗ ಮಾಡಿ, ಒಂದೊಂದೇ ಭಾಗಕ್ಕೆ 25ರಿಂದ 50 ಮಿ.ಮೀ. ನೀರು ನಿಲ್ಲಿಸಿ 24 ಗಂಟೆ ಕಾಯಿರಿ. ಭಾಗಕ್ಕೊಂದು ಬಣ್ಣದಂತೆ ನೀರಿಗೆ ಬೇರೆ ಬೇರೆ ಬಣ್ಣ ಬೆರೆಸಿದರೆ ಅನುಮಾನಕ್ಕೆ ಎಡೆಯಿರುವುದಿಲ್ಲ. ಒಂದು ಮಿ.ಮೀ. ನೀರು ಚದರ ಮೀಟರಿಗೆ ಒಂದು ಕಿಲೋ ತೂಗುತ್ತದೆ, 50 ಮಿ.ಮೀ. ಎಂದರೆ 50 ಕಿಲೋ. ಕಂಬಿ ಕಿತ್ತುಬಂದು ಜೋತಿರುವ ಸ್ಲ್ಯಾಬಿನ ಮೇಲೆ ಈ ಪರೀಕ್ಷೆ ಬೇಡವೇ ಬೇಡ. ಮೇಲೆ ನೀರು ಇಂಗಿದ ಜಾಗದ ನೇರ ಕೆಳಗೇ ಹನಿ ಬೀಳಬೇಕೆಂದೂ ಇಲ್ಲ. ಕಾಂಕ್ರೀಟಿನೊಳಗೆ ಹುಗಿದ ವೈರಿಂಗ್ ಪೈಪಿನ ಗುಂಟ ಹರಿದು ಫ್ಯಾನಿನ ಕೊಕ್ಕೆಯಲ್ಲಿ ತೊಟ್ಟಿಕ್ಕುವುದು ದಿನನಿತ್ಯ ಕಾಣುವ ಸಂಗತಿ.

ಗಟ್ಟಿತನದ ಅನುಮಾನ: ಹ್ಯಾಮರ್ ಮತ್ತು ಅಲ್ಟ್ರಾಸೋನಿಕ್ ಜೋಡಿ

ರಿಬೌಂಡ್ ಹ್ಯಾಮರ್ ಅಗ್ಗ, ಹಗುರ, ಕೈಯಲ್ಲಿ ಹಿಡಿದು ಓಡಾಡಬಹುದು. ಅದಕ್ಕೇ ಎಲ್ಲರೂ ಅದನ್ನೇ ತರುತ್ತಾರೆ, ಅದರ ಮೇಲೇ ಅತಿ ಹೆಚ್ಚು ತಪ್ಪು ತೀರ್ಮಾನವೂ ಆಗುತ್ತದೆ. ಸಾಮಾನ್ಯ ಕಾಂಕ್ರೀಟಿಗೆ ಬಳಸುವ ಎನ್ ಮಾದರಿಯ ಹ್ಯಾಮರಿನ ಹೊಡೆತ ಸುಮಾರು 2.2 ಜೌಲ್. ಕೆಲಸ ಶುರುಮಾಡುವ ಮುಂಚೆ ಉಕ್ಕಿನ ಅಡಿಗಲ್ಲಿನ ಮೇಲೆ ಹೊಡೆದು ನೋಡಿ, 80ರ ಆಸುಪಾಸು, ಎರಡು ಅಂಕಿ ಆಚೀಚೆ ಬರಬೇಕು. 74 ಬಂದರೆ ಒಳಗೆ ಧೂಳು ಸೇರಿದೆ, ಬಿಚ್ಚಿ ಶುಚಿಮಾಡಬೇಕು. ಪ್ಲಾಸ್ಟರ್, ಬಣ್ಣ, ಪಾಚಿ ಎಲ್ಲ ತೆಗೆದು ಕಾರ್ಬೊರಂಡಮ್ ಕಲ್ಲಿನಲ್ಲಿ ಉಜ್ಜಿ ನುಣ್ಣಗೆ ಮಾಡಿ. ಒಂದು ಜಾಗದಲ್ಲಿ 9ರಿಂದ 12 ಹೊಡೆತ, ಎರಡು ಹೊಡೆತದ ನಡುವೆ ಕನಿಷ್ಠ 25 ಮಿ.ಮೀ., ಅಂಚಿನಿಂದಲೂ ಅಷ್ಟೇ ದೂರ. ಒಂದೇ ಗುಳಿಯ ಮೇಲೆ ಎರಡನೇ ಸಲ ಹೊಡೆಯಬಾರದು. ಸ್ಲ್ಯಾಬಿನ ಅಡಿಗೆ ಮೇಲ್ಮುಖವಾಗಿ ಹೊಡೆದಾಗ ಅಂಕಿ ಹೆಚ್ಚು ಬರುತ್ತದೆ. ಹ್ಯಾಮರಿನ ಮೇಲಿರುವ ಮೂರು ರೇಖೆಗಳಲ್ಲಿ ಆ ದಿಕ್ಕಿನದ್ದನ್ನೇ ಓದಬೇಕು. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಬಲದ ಅಂದಾಜು ಶೇ. 25ರಷ್ಟು ಆಚೀಚೆ ಆಗಬಹುದೆಂದು ಭಾರತೀಯ ಮಾನಕವೇ ಒಪ್ಪಿಕೊಂಡಿದೆ.

ಹ್ಯಾಮರ್ ನೋಡುವುದು ಮೇಲಿನ ಕೆಲವೇ ಸೆಂಟಿಮೀಟರನ್ನು. ಹಳೆಯ ಕಾಂಕ್ರೀಟಿನ ಹೊರಪದರ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಡುಸಾಗಿರುತ್ತದೆ. ಆ ಸಿಪ್ಪೆಯ ಮೇಲೆ ಹೊಡೆದು ಒಳಗಿನ ಬಲ ಹೇಳಿದರೆ ತೀರಾ ಕೆಟ್ಟ ಸಂದರ್ಭದಲ್ಲಿ ಶೇ. 50ರವರೆಗೂ ಹೆಚ್ಚು ಹೇಳಿಬಿಡಬಹುದು. ತೇವದ ಮೇಲ್ಮೈ ಇದಕ್ಕೆ ತಿರುಗಾಮುರುಗಾ, ಒಣಗಿದ್ದಕ್ಕಿಂತ ಶೇ. 20ರವರೆಗೆ ಕಡಿಮೆ ತೋರಿಸುತ್ತದೆ.

ಅಲ್ಟ್ರಾಸೋನಿಕ್ ವೇಗ ಪರೀಕ್ಷೆ ಒಳಗನ್ನು ನೋಡುತ್ತದೆ. ಸಾಮಾನ್ಯವಾಗಿ 54 ಕಿಲೋಹರ್ಟ್ಸ್‌ನ ಎರಡು ತಲೆಗಳು (ಒಂದು ಅಲೆ ಕಳಿಸುತ್ತದೆ, ಇನ್ನೊಂದು ಹಿಡಿಯುತ್ತದೆ), ನಡುವೆ ಗ್ರೀಸು ಅಥವಾ ಜೆಲ್. ಕಾಲಂ ಎದುರುಬದುರು ಹಿಡಿದು ಅಲೆ ದಾಟಲು ತೆಗೆದುಕೊಂಡ ಮೈಕ್ರೋಸೆಕೆಂಡ್ ಅಳೆಯುವುದು, ದಪ್ಪವನ್ನು ಅದರಿಂದ ಭಾಗಿಸುವುದು. ದಪ್ಪವನ್ನು ಅಂದಾಜಿನಲ್ಲಿ ಹಾಕಬೇಡಿ, ಕ್ಯಾಲಿಪರಿನಲ್ಲಿ ಅಳೆಯಿರಿ. 230 ಎಂದು ಕಟ್ಟಿದ ಕಾಲಂ 222 ಇರುವುದೂ ಉಂಟು. 230 ಮಿ.ಮೀ.ಗೆ 56 ಮೈಕ್ರೋಸೆಕೆಂಡ್ ಬಂದರೆ 4.1 ಕಿ.ಮೀ./ಸೆ., ಒಳ್ಳೆಯದು. ಅದೇ ಕಾಲಂನ ಬುಡದಲ್ಲಿ 82 ಬಂದರೆ 2.8, ಅಲ್ಲಿ ಜಲ್ಲಿ ಮಾತ್ರ ಕೂತು ಸಿಮೆಂಟಿನ ಹಾಲು ಸೋರಿಹೋಗಿ ಹನಿಕೋಂಬ್, ಅಂದರೆ ಜೇನುಗೂಡಿನಂತೆ ಪೊಳ್ಳು, ಆಗಿದೆ. ಬುಡವೇ ಯಾಕೆಂದರೆ, ಸೆಂಟ್ರಿಂಗ್ ಹಲಗೆಯ ಕೆಳಗಿನ ಸಂದಿಯನ್ನು ಸರಿಯಾಗಿ ಮುಚ್ಚದೆ ಎತ್ತರದಿಂದ ಮಾಲು ಸುರಿದಾಗ ಮೊದಲು ಕೆಡುವ ಜಾಗ ಅದು.

ವರದಿ ಓದುವಾಗ ಒಂದು ಎಚ್ಚರ. 1992ರ ಐಎಸ್ 13311 ಎಂಬ ಭಾರತೀಯ ಮಾನಕದ ಕೋಷ್ಟಕದಲ್ಲಿ 3.0ರಿಂದ 3.5 ಕಿ.ಮೀ./ಸೆ. ವೇಗ 'ಮಧ್ಯಮ', ಅದಕ್ಕೂ ಕೆಳಗಿನದ್ದು 'ಸಂದೇಹಾಸ್ಪದ'. 2018ರ ಐಎಸ್ 516ರ 5ನೇ ಭಾಗ ಬಂದ ಮೇಲೆ ಮಧ್ಯಮ ಎಂಬ ದರ್ಜೆಯೇ ಹೋಯಿತು. ಎಂ25 (ಚದರ ಮಿ.ಮೀ.ಗೆ 25 ನ್ಯೂಟನ್ ತಾಳುವ ದರ್ಜೆ) ಹಾಗೂ ಅದಕ್ಕೂ ಕೆಳಗಿನ ಕಾಂಕ್ರೀಟಿಗೆ 3.5ಕ್ಕಿಂತ ಕಡಿಮೆ, ಅದಕ್ಕೂ ಮೇಲಿನದ್ದಕ್ಕೆ 3.75ಕ್ಕಿಂತ ಕಡಿಮೆ ಬಂದರೆ ಸಂದೇಹವೇ. 3.2 ಎಂಬ ಒಂದೇ ಅಂಕಿ ಹಳೆಯ ಕೋಷ್ಟಕದಲ್ಲಿ ಪಾಸು, ಹೊಸದರಲ್ಲಿ ಫೇಲು. ಯಾವುದನ್ನು ಹಿಡಿದು ಬರೆದಿದ್ದಾರೆ ಎಂದು ಕೇಳಿ.

ಈಗ ಜೋಡಿಯನ್ನು ಓದುವ ಬಗೆ. ಹ್ಯಾಮರ್ ಅಂಕಿ ಕಡಿಮೆ, ವೇಗ ಹೆಚ್ಚು: ಕಾಂಕ್ರೀಟ್ ನೆನೆದಿದೆ. ರಂಧ್ರಗಳಲ್ಲಿ ಗಾಳಿಯ ಬದಲು ನೀರು ತುಂಬಿದಾಗ ಅಲೆ ಬೇಗ ದಾಟುತ್ತದೆ. ಒಣಗಿದ ಮೇಲೆ ಮತ್ತೆ ಅಳೆಯದೆ ಏನೂ ಹೇಳಬೇಡಿ. ಹ್ಯಾಮರ್ ಹೆಚ್ಚು, ವೇಗ ಕಡಿಮೆ: ಹೊರಸಿಪ್ಪೆ ಗಡುಸು, ಒಳಗೆ ಪೊಳ್ಳು ಅಥವಾ ಬಿರುಕು. ನಾಲ್ಕರಲ್ಲಿ ಅತಿ ಅಪಾಯದ್ದು ಇದೇ, ಹ್ಯಾಮರ್ ಮಾತ್ರ ತಂದವರ ಕಣ್ಣಿಗೆ ಬೀಳದೇ ಹೋಗುವುದೂ ಇದೇ. ಎರಡೂ ಕಡಿಮೆ ಇದ್ದರೆ ಮಾಲೇ ಬಡ. ನೀರು ಹೆಚ್ಚು, ಸಿಮೆಂಟು ಕಡಿಮೆ. ಎರಡೂ ಹೆಚ್ಚಿದ್ದರೆ ಗಟ್ಟಿತನದ ಚಿಂತೆ ಬಿಟ್ಟು ಕಂಬಿಯ ಕಡೆ ತಿರುಗಿ. ಒಂದು ವಿನಾಯಿತಿ: ಅಲೆಯ ದಾರಿಗೆ ಸಮಾನಾಂತರವಾಗಿ ದಪ್ಪ ಕಂಬಿ ಇದ್ದರೆ ವೇಗ ಸುಳ್ಳಾಗಿ ಏರುತ್ತದೆ, ಉಕ್ಕಿನಲ್ಲಿ ಅಲೆ ಸುಮಾರು 5.9 ಕಿ.ಮೀ./ಸೆ. ಓಡುತ್ತದೆ. ಕಂಬಿಯನ್ನು ಮೊದಲು ಗುರುತಿಸಿ ತಪ್ಪಿಸಿ ಹಿಡಿಯಿರಿ.

ಬಿರುಕಿನ ಆಳ

ಇದಕ್ಕೂ ಅದೇ ಅಲ್ಟ್ರಾಸೋನಿಕ್. ಎರಡು ತಲೆಗಳನ್ನು ಬಿರುಕಿನ ಎರಡೂ ಬದಿ 200 ಮಿ.ಮೀ. ದೂರದಲ್ಲಿಟ್ಟು ಸಮಯ ಅಳೆಯಿರಿ. ಬಿರುಕಿಲ್ಲದ ಪಕ್ಕದ ಜಾಗದಲ್ಲಿ ಅದೇ 400 ಮಿ.ಮೀ. ಅಂತರದಲ್ಲಿ ಇನ್ನೊಂದು ಸಮಯ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ವರ್ಗ ಮಾಡಿ, ಒಂದು ಕಳೆದು, ವರ್ಗಮೂಲ ತೆಗೆದು 200ರಿಂದ ಗುಣಿಸಿದರೆ ಆಳ. ಗಟ್ಟಿ ಜಾಗದಲ್ಲಿ 100 ಮೈಕ್ರೋಸೆಕೆಂಡ್, ಬಿರುಕಿನ ಮೇಲೆ 125 ಬಂದರೆ ಆಳ 150 ಮಿ.ಮೀ. ಬಿರುಕಿನಲ್ಲಿ ನೀರು ನಿಂತಿದ್ದರೆ ಅಲೆ ತುದಿಯನ್ನು ಸುತ್ತಿ ಬರದೆ ನೀರಿನ ಮೂಲಕವೇ ನುಸುಳುತ್ತದೆ. ಸಮಯ 105ಕ್ಕೆ ಇಳಿಯಿತೆನ್ನಿ, ಲೆಕ್ಕ 64 ಮಿ.ಮೀ. ಎನ್ನುತ್ತದೆ. ಬಿರುಕು ಅದೇ, ಬೀಮು ಅದೇ. ಹಾಗಾಗಿ ಬಿರುಕಿನ ಆಳವನ್ನು ಮಳೆಗಾಲದಲ್ಲಿ ಅಳೆಯುವುದೇ ಬೇಡ. ಬೇಸಿಗೆಯಲ್ಲೂ ಬ್ಲೋವರ್ ಹಿಡಿದು ಒಣಗಿಸಿ. ಬಿರುಕನ್ನು ದಾಟುವ ಕಂಬಿ ತಲೆಗಳ ಹತ್ತಿರವಿದ್ದರೂ ಹೀಗೇ ಆಳ ಕಡಿಮೆ ಬರುತ್ತದೆ.

ಕಂಬಿ: ಎಲ್ಲಿದೆ, ಎಷ್ಟು ಆಳದಲ್ಲಿದೆ, ತುಕ್ಕು ಹಿಡಿದಿದೆಯೇ

ಐಎಸ್ 456ರ ಪ್ರಕಾರ ಜೋರು ಮಳೆಗೆ ನೇರ ಒಡ್ಡಿದ ಮೇಲ್ಮೈ 'ತೀವ್ರ' ವರ್ಗಕ್ಕೆ ಸೇರುತ್ತದೆ: ಕವರ್ 45 ಮಿ.ಮೀ., ಕನಿಷ್ಠ ಎಂ30 ಕಾಂಕ್ರೀಟ್. ಮಳೆಯಿಂದ ಮರೆಯಾದದ್ದು 'ಮಧ್ಯಮ', 30 ಮಿ.ಮೀ. ಮಲೆನಾಡಿನ ಮನೆಯ ಸಜ್ಜಾ, ಪ್ಯಾರಾಪೆಟ್ಟು, ಬಯಲಿಗೆ ಬಿದ್ದ ಕಾಲಂ ಎಲ್ಲವೂ ಮೊದಲ ವರ್ಗವೇ. ಕವರ್ ಬ್ಲಾಕಿನ ಬದಲು ಜಲ್ಲಿ ಚೂರು ಕೊಟ್ಟು ಹಾಕಿದ ಸಜ್ಜಾದಲ್ಲಿ ಕವರ್ 10 ಮಿ.ಮೀ. ಸಿಕ್ಕರೂ ಆಶ್ಚರ್ಯಪಡಬೇಡಿ. ಮೊದಲು ಉದುರುವುದೂ ಸಜ್ಜಾವೇ.

ಕವರ್ ಮೀಟರಿಗೆ ಕಂಬಿಯ ವ್ಯಾಸ ಸರಿಯಾಗಿ ಕೊಡಬೇಕು, 8 ಮಿ.ಮೀ. ಕಂಬಿಗೆ 12 ಎಂದು ಕೊಟ್ಟರೆ ಕವರ್ ಅಂಕಿ ತಪ್ಪಾಗುತ್ತದೆ. ಲ್ಯಾಪ್ ಕೊಟ್ಟ ಕಡೆ ಎರಡು ಕಂಬಿ ಜೋಡಿಯಾಗಿರುವುದರಿಂದ ಕವರ್ ಇರುವುದಕ್ಕಿಂತ ಕಡಿಮೆ ಎನ್ನುತ್ತದೆ. ಪ್ಲಾಸ್ಟರಿನೊಳಗಿನ ಕೋಳಿಜಾಲರಿ, ಕಬ್ಬಿಣದ ವೈರಿಂಗ್ ಪೈಪು ಪೂರ್ತಿ ದಾರಿ ತಪ್ಪಿಸುತ್ತವೆ. ಒಂದು ಜಾಗದಲ್ಲಿ ಸಣ್ಣ ತೂತು ಕೊರೆದು ಕಂಬಿ ಮುಟ್ಟಿ ಮೀಟರಿನ ಅಂಕಿಯನ್ನು ತಾಳೆ ನೋಡಿದರೆ ಉಳಿದ ಎಲ್ಲ ಜಾಗವನ್ನೂ ನಂಬಬಹುದು. ರೇಡಿಯೊ ಅಲೆ ಕಳಿಸಿ ಕಂಬಿ ಹುಡುಕುವ ರಾಡಾರ್ ಸ್ಕ್ಯಾನರಿಗೂ ಈ ತಾಳೆ ಬೇಕು. ಒಣ ಕಾಂಕ್ರೀಟಿಗೆ ಹೊಂದಿಸಿದ ಡೈಎಲೆಕ್ಟ್ರಿಕ್ ಅಂಕಿ (ಅಲೆ ಎಷ್ಟು ನಿಧಾನವಾಗುತ್ತದೆಂದು ಹೇಳುವುದು) 6 ಎಂದಿಟ್ಟುಕೊಂಡು ನೆನೆದ, ನಿಜದಲ್ಲಿ 9 ಇರುವ ಸ್ಲ್ಯಾಬನ್ನು ನೋಡಿದರೆ ಆಳ ಶೇ. 22ರಷ್ಟು ಹೆಚ್ಚು ಕಾಣುತ್ತದೆ: 30 ಮಿ.ಮೀ. ಕವರ್ 37 ಎಂದು ಬಂದು ನೆಮ್ಮದಿ ಕೊಡುತ್ತದೆ.

ತುಕ್ಕಿಗೆ ಕಾರಣ ಹುಡುಕಲು ಫಿನಾಲ್ಫ್ತಲೀನ್. ಶೇ. 1ರ ಮದ್ಯಸಾರ ದ್ರಾವಣವನ್ನು ಹೊಸದಾಗಿ ಒಡೆದ ಮುಖಕ್ಕೆ ಸಿಂಪಡಿಸಿದರೆ ಕಂಬಿಯನ್ನು ತುಕ್ಕಿನಿಂದ ಕಾಯುವ ಕ್ಷಾರ ಉಳಿದ ಭಾಗ ಗುಲಾಬಿಯಾಗುತ್ತದೆ, ಇಂಗಾಲದ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆದ ಭಾಗ ಬಣ್ಣ ತಾಳುವುದಿಲ್ಲ. ಡ್ರಿಲ್ ಮಾಡಿದ ತೂತಿಗೆ ಸಿಂಪಡಿಸಿದರೆ ಒಳಗಿನ ಪುಡಿ ಹೊರಗಿನ ಗೋಡೆಗೆ ಮೆತ್ತಿ ಎಲ್ಲ ಗುಲಾಬಿ ಕಾಣುತ್ತದೆ. ಉಳಿಯಿಂದ ಒಡೆದು, ಧೂಳು ಊದಿ, ತಡಮಾಡದೆ ಸಿಂಪಡಿಸಿ. ಗುಲಾಬಿ ಅಂಚಿನ ಆಳ ವರ್ಷಗಳ ವರ್ಗಮೂಲದಂತೆ ಬೆಳೆಯುತ್ತದೆ. 20 ವರ್ಷಕ್ಕೆ 20 ಮಿ.ಮೀ. ಹೋಗಿದ್ದರೆ 25 ಮಿ.ಮೀ. ತಲುಪಲು ಒಟ್ಟು ಸುಮಾರು 31 ವರ್ಷ. ಅಂದರೆ 25 ಕವರ್ ಇದ್ದ ಕಂಬಿಗೆ ಇನ್ನು 11 ವರ್ಷ ಬಾಕಿ.

ಅಚ್ಚರಿಯೆನಿಸುವ ಸಂಗತಿಯೆಂದರೆ ಸದಾ ನೆನೆಯುವ ಭಾಗದಲ್ಲಿ ಕಾರ್ಬೊನೇಷನ್ ನಿಧಾನ. ರಂಧ್ರ ನೀರಿನಿಂದ ತುಂಬಿದ್ದರೆ ಗಾಳಿ ಒಳಗೆ ಹೋಗುವುದಿಲ್ಲ. ಶೇ. 50ರಿಂದ 70ರ ಆರ್ದ್ರತೆಯಲ್ಲಿ ಅದು ಅತಿ ವೇಗ. ತಾರಸಿ ಸೋರಿತೆಂದು ಮೇಲೆ ಶೀಟು ಹೊದಿಸಿದ ಮನೆಗಳಲ್ಲಿ, ಹೊಗೆ ಆಡುವ ಬಚ್ಚಲುಮನೆ, ಅಡಿಕೆ ಬೇಯಿಸುವ ಒಲೆಯ ಮೇಲಿನ ಸ್ಲ್ಯಾಬುಗಳಲ್ಲಿ ಗುಲಾಬಿ ಗೆರೆ ಆಳಕ್ಕೆ ಸರಿದಿರುತ್ತದೆ. ಒಣಗಿರುವತನಕ ಕಂಬಿಗೆ ತುಕ್ಕು ಓಡುವುದಿಲ್ಲ. ಶೀಟಿನ ಒಂದು ಬೋಲ್ಟು ಸಡಿಲಾಗಿ ನೀರು ಇಳಿಯಲು ಶುರುವಾದರೆ ಅಲ್ಲೇ ಓಡುತ್ತದೆ. ಉಪ್ಪಿನ ಕ್ಲೋರೈಡ್ ಕಂಬಿಗೆ ತುಕ್ಕು ಹಿಡಿಸುವ ಸಮಸ್ಯೆ ಘಟ್ಟದ ಮೇಲೆ ಕರಾವಳಿಯಷ್ಟಿಲ್ಲ. ಕರಾವಳಿಯ ಅಳಿವೆಯ ಮರಳು ಬಳಸಿದ ಅನುಮಾನವಿದ್ದರೆ ಮಾತ್ರ ಪುಡಿ ತೆಗೆದು ಪ್ರಯೋಗಾಲಯಕ್ಕೆ ಕೊಡಿ. ಆರ್‌ಸಿಸಿಗೆ ಮಿತಿ ಘನ ಮೀಟರಿಗೆ 0.6 ಕಿಲೋ.

ಹಾಫ್‌ಸೆಲ್ ಪರೀಕ್ಷೆಗೆ ತಾಮ್ರ ಮತ್ತು ತಾಮ್ರದ ಸಲ್ಫೇಟ್ ತುಂಬಿದ ಕೊಳವೆ, ಅದರ ತಳದಲ್ಲಿ ಕರಗದ ನೀಲಿ ಹರಳು ಕಾಣುತ್ತಿರಬೇಕು. ಮೀಟರಿನ ಒಂದು ತಂತಿ ಕಂಬಿಗೆ, ಇನ್ನೊಂದು ಕೊಳವೆಗೆ. ದೂರದ ಎರಡು ಕಂಬಿಗಳ ನಡುವಿನ ರೋಧ ಒಂದು ಓಮಿಗಿಂತ ಹೆಚ್ಚಿದ್ದರೆ ಕಂಬಿಗಳು ಒಂದಕ್ಕೊಂದು ತಾಗಿಲ್ಲ, ಪ್ರತಿ ಕಂಬಿಗೂ ಬೇರೆ ಜೋಡಣೆ ಬೇಕು. ಮೇಲ್ಮೈಯನ್ನು ಸಾಬೂನು ನೀರಿನಿಂದ ಒದ್ದೆ ಮಾಡಿ ಐದು ನಿಮಿಷದಲ್ಲಿ ಅಂಕಿ 20 ಮಿಲಿವೋಲ್ಟಿಗಿಂತ ಹೆಚ್ಚು ಅಲುಗಾಡದಿದ್ದಾಗ ಬರೆದುಕೊಳ್ಳಿ. ಮೈನಸ್ 200 ಮಿಲಿವೋಲ್ಟಿಗಿಂತ ಧನದ ಕಡೆ ಇದ್ದರೆ ತುಕ್ಕಿಲ್ಲದಿರುವ ಸಂಭವ ಶೇ. 90ಕ್ಕೂ ಹೆಚ್ಚು, ಮೈನಸ್ 350 ದಾಟಿ ಋಣದ ಕಡೆ ಹೋದರೆ ಇರುವ ಸಂಭವ ಅಷ್ಟೇ, ನಡುವಿನದ್ದು ಅನಿಶ್ಚಿತ. ಇಲ್ಲಿಯೂ ನೀರಿನ ಆಟ ಉಂಟು. ಪೂರ್ತಿ ನೆನೆದ ಕಾಂಕ್ರೀಟಿನಲ್ಲಿ ಕಂಬಿಗೆ ಆಮ್ಲಜನಕ ತಲುಪದೆ ಅಂಕಿ ಮೈನಸ್ 400, 500ಕ್ಕೆ ಇಳಿಯಬಹುದು. ಅಲ್ಲಿ ತುಕ್ಕು ಓಡುತ್ತಿರಬೇಕೆಂದಿಲ್ಲ. ಆದ್ದರಿಂದ ಒಂದೊಂದೇ ಅಂಕಿಗೆ ತಲೆ ಕೆಡಿಸಿಕೊಳ್ಳದೆ 500 ಮಿ.ಮೀ. ಚೌಕಗಳ ನಕ್ಷೆ ಮಾಡಿ. ಇಡೀ ಸ್ಲ್ಯಾಬು ಒಂದೇ ಸಮ ಋಣವಾಗಿದ್ದರೆ ತೇವ. ಅಕ್ಕಪಕ್ಕದ ಎರಡು ಬಿಂದುಗಳ ನಡುವೆ 150 ಮಿಲಿವೋಲ್ಟಿಗೂ ಮೀರಿದ ಇಳಿಜಾರು ಕಂಡರೆ ಹೆಚ್ಚು ಋಣದ ಕಡೆ ತುಕ್ಕು. ಅಲ್ಲಿ ಚೌಕದ ಅಳತೆ ಅರ್ಧ ಮಾಡಿ ಮತ್ತೆ ಅಳೆದು, ಅತಿ ಋಣದ ಜಾಗದಲ್ಲಿ ಒಂದು ಕಿಟಕಿ ತೆರೆದು ಕಂಬಿಯನ್ನು ಕಣ್ಣಾರೆ ನೋಡಿ. ಮಾಪನಕ್ಕೆ ಬಿಟುಮೆನ್ ಅಥವಾ ಎಪಾಕ್ಸಿ ಬಳಿದ ಮೇಲ್ಮೈ ಆಗುವುದಿಲ್ಲ.

ಮರ, ಜಂಬಿಟ್ಟಿಗೆ, ಕಬ್ಬಿಣದ ಚಪ್ಪರ

ಹಳೆಯ ತೊಟ್ಟಿಮನೆಗಳಲ್ಲಿ ನೋಡಬೇಕಾದದ್ದು ತೊಲೆಯ ನಡುಭಾಗವಲ್ಲ, ಗೋಡೆಯೊಳಗೆ ಹೊಕ್ಕ ತುದಿ. ಗೋಡೆ ನೆನೆದರೆ ಮರದ ತೇವ ಶೇ. 20 ದಾಟುತ್ತದೆ, ಕೊಳೆ ಅಲ್ಲಿಂದ ಶುರು. ಹಲಸಿನ ತೊಲೆ ಹೊರಗೆ ಹೊಳೆಯುತ್ತಿದ್ದು ಒಳಗೆ ಒರಲೆ ಗೂಡಾಗಿರಬಹುದು. ದಬ್ಬಣ ಚುಚ್ಚಿ ನೋಡಿ, ಬೆರಳಿನ ಬಲಕ್ಕೆ 5 ಮಿ.ಮೀ.ಗಿಂತ ಹೆಚ್ಚು ಹೋದರೆ ರೋಧ ಅಳೆಯುವ ಸೂಜಿ ಡ್ರಿಲ್ ತರಿಸಿ. ಅದು 3 ಮಿ.ಮೀ. ತುದಿಯ ಸೂಜಿಯನ್ನು ಓಡಿಸಿ ಎಲ್ಲಿ ಗಟ್ಟಿ ಎಲ್ಲಿ ಪೊಳ್ಳು ಎಂದು ರೇಖೆ ಎಳೆದುಕೊಡುತ್ತದೆ. ಗೋಡೆಯ ಕಡೆಗೆ ಓರೆಯಾಗಿ ಚುಚ್ಚಿದರೆ ಹುಗಿದ ತುದಿಯೂ ಸಿಗುತ್ತದೆ.

ಜಂಬಿಟ್ಟಿಗೆ ಗೋಡೆಗೆ ರಿಬೌಂಡ್ ಹ್ಯಾಮರಿನ ಕಾಂಕ್ರೀಟ್ ರೇಖೆ ಹಿಡಿದು ಬಲ ಬರೆದ ವರದಿ ಬಂದರೆ ಬದಿಗಿಡಿ, ಆ ರೇಖೆ ಕಾಂಕ್ರೀಟಿಗೆ ಮಾತ್ರ.

ಅಂಗಳದ ಶೀಟಿನ ಚಪ್ಪರ, ತಾರಸಿ ಮೇಲಿನ ಕಬ್ಬಿಣದ ಚೌಕ ಪೈಪುಗಳಿಗೆ ಅಲ್ಟ್ರಾಸೋನಿಕ್ ದಪ್ಪಮಾಪಕ ಸಾಕು. ಪೈಪು ಒಳಗಿನಿಂದ, ಬುಡದ 150 ಮಿ.ಮೀ.ನಲ್ಲಿ ನೀರು ನಿಂತು ತಿನ್ನುತ್ತದೆ, ಹೊರಗೆ ಬಣ್ಣ ಹೊಸದಾಗಿಯೇ ಇರುತ್ತದೆ. ಬಣ್ಣದ ಮೇಲೆಯೇ ಸಾಮಾನ್ಯ ಮಾಪಕ ಇಟ್ಟರೆ ಬಣ್ಣದ ದಪ್ಪವನ್ನು ಎರಡೂವರೆ ಪಟ್ಟಿನಷ್ಟು ಉಕ್ಕಾಗಿ ಎಣಿಸುತ್ತದೆ, ಉಜ್ಜಿ ತೆಗೆಯಿರಿ. ವೆಲ್ಡಿಂಗ್ ಬಿರುಕಿಗೆ ಕೆಂಪು ಬಣ್ಣದ ಪೆನೆಟ್ರಂಟ್ (ಬಿರುಕಿನೊಳಗೆ ಇಳಿಯುವ ದ್ರವ): ಒರೆಸಿ, ಬಳಿದು, 10ರಿಂದ 20 ನಿಮಿಷ ಬಿಟ್ಟು, ಬಟ್ಟೆಯಿಂದ ಒರೆಸಿ, ಬಿರುಕಿನೊಳಗಿನ ಬಣ್ಣವನ್ನು ಹೊರಗೆಳೆದು ತೋರಿಸುವ ಬಿಳಿ ಡೆವಲಪರ್ ಸಿಂಪಡಿಸಿ. ಒರೆಸುವ ಬದಲು ಕ್ಲೀನರ್ ಸ್ಪ್ರೇ ನೇರ ಹೊಡೆದು ತೊಳೆದರೆ ಬಿರುಕಿನೊಳಗಿನದೂ ಹೋಗುತ್ತದೆ. ಬಿರುಕಿನಲ್ಲಿ ಮೊದಲೇ ಮಳೆನೀರು ಕೂತಿದ್ದರೆ ಬಣ್ಣ ಒಳಗೆ ಇಳಿಯುವುದೇ ಇಲ್ಲ.

ಕೊನೆಗೆ ಕೋರ್

ಮೇಲಿನ ಯಾವುದೂ ಬಲವನ್ನು ನೇರ ಅಳೆಯುವುದಿಲ್ಲ. ತಕರಾರು ಉಳಿದರೆ ಕೋರ್, ಅಂದರೆ ಕೊರೆದ ಕಾಂಕ್ರೀಟಿನ ಉರುಳೆ, ತೆಗೆದು ಒತ್ತಿ ನೋಡಬೇಕು, ಕನಿಷ್ಠ ಮೂರು, ಹ್ಯಾಮರ್ ಮತ್ತು ವೇಗ ಎರಡೂ ಹೊಂದದ ಜಾಗಗಳಲ್ಲಿ. ವ್ಯಾಸ ಜಲ್ಲಿಯ ಅಳತೆಯ ಮೂರು ಪಟ್ಟಿಗಿಂತ ಕಡಿಮೆ ಬೇಡ, ಕಂಬಿ ತಪ್ಪಿಸಿ. 230 ಮಿ.ಮೀ. ಅಗಲದ ಕಾಲಂನಲ್ಲಿ ಕೋರ್ ತೆಗೆಯುವ ಮುಂಚೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳಿ, ಸ್ಲ್ಯಾಬು ಬೀಮಿಗೆ ಆಸರೆ ಕಂಬ ಕೊಟ್ಟುಕೊಳ್ಳಿ. ಮೂರರ ಸರಾಸರಿ ದರ್ಜೆಯ ಶೇ. 85, ಯಾವ ಒಂದೂ ಶೇ. 75ಕ್ಕೆ ಕಡಿಮೆಯಿಲ್ಲದಿದ್ದರೆ ಒಪ್ಪಬಹುದು. ಎಂ20ಗೆ ಅದು ಚದರ ಮಿ.ಮೀ.ಗೆ 17 ಮತ್ತು 15 ನ್ಯೂಟನ್. ತೂತನ್ನು ಕುಗ್ಗದ ಗ್ರೌಟಿನಿಂದ ಅದೇ ದಿನ ತುಂಬಿಸಿ. ಸುತ್ತ ತೆಗೆದ ಹ್ಯಾಮರ್ ಅಂಕಿಗಳನ್ನು ಕೋರಿನ ಬಲಕ್ಕೆ ಹೊಂದಿಸಿ ಆ ಕಟ್ಟಡದ್ದೇ ರೇಖೆ ಮಾಡಿಕೊಂಡರೆ ಉಳಿದ ಕೋಣೆಗಳಿಗೆ ಮತ್ತೆ ಕೋರ್ ತೆಗೆಯುವ ಅಗತ್ಯ ಕಡಿಮೆಯಾಗುತ್ತದೆ.

ಅಳೆದ ಬಿಂದುಗಳನ್ನು ಎನಾಮಲ್ ಬಣ್ಣದ ಚುಕ್ಕೆಯಿಂದ ಗುರುತಿಸಿ, ನಕ್ಷೆಯಲ್ಲಿ ಗೋಡೆಯಿಂದ ಎಷ್ಟು ಮಿ.ಮೀ. ಎಂದು ಬರೆದಿಡಿ. ರಿಪೇರಿಯಾದ ಮೇಲೆ ಒಂದು ಮಳೆಗಾಲ ಕಳೆದು, ಮೊದಲ ಸಲ ಅಳೆದ ತಿಂಗಳಲ್ಲೇ, ಅದೇ ಚುಕ್ಕೆಗಳ ಮೇಲೆ ಮತ್ತೆ ಅಳೆಯಿರಿ.